ವಿಹಾರದ ಲಾರಿಯಲ್ಲಿ ಅಮ್ಮಾನಿಗೆ

ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ ಐದೂವರೆಗೆ ನಾವು ಕುವೈತ್ ನಗರದ ಅಂಚಿನ ಖೈತಾನ್ ಬಡಾವಣೆ ಬಿಟ್ಟೆವು. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿ ಆರು ವಾರವಾಗಿತ್ತು. ಲಾರಿಯಲ್ಲಿದ್ದವರು ಮೂವರು: ನಾನು, ನನ್ನ ಗಂಡ ಶ್ರೀಕಂಠ, ಕೆಳಗಿನ ಮನೆಯ ಲಿಲ್ಲಿ. ಲಿಲ್ಲಿ ಮಂಗಳೂರಿನ ಕಡೆಯವಳು, ಆಸ್ಪತ್ರೆಯಲ್ಲಿ ನರ್ಸ್, ಏಳು ತಿಂಗಳ ಬಸುರಿ. ಹಿಂದಿನ ಎರಡು ಬಸಿರು ನಿಂತಿರಲಿಲ್ಲ. ಈ ಸಲ ಹಾಸಿಗೆ ಬಿಟ್ಟು ಏಳಕೂಡದೆಂದು ಡಾಕ್ಟರು ಹೇಳಿದ್ದರು. ಅವಳ ಗಂಡ ಜುಲೈನಲ್ಲಿ ರಜೆಗೆಂದು ಊರಿಗೆ ಹೋದವನು ಅಲ್ಲೇ ಸಿಕ್ಕಿಕೊಂಡಿದ್ದ. ಜೋರ್ಡಾನಿನ ಅಮ್ಮಾನ್ ತಲುಪಿದರೆ ಅಲ್ಲಿಂದ ಬೊಂಬಾಯಿಗೆ ವಿಮಾನವಿದೆ ಎಂಬ ಸುದ್ದಿ ಇತ್ತು. ಎಲ್ಲರೂ ಬಸ್ಸಿನಲ್ಲಿ ಹೊರಟಿದ್ದರು. ಲಿಲ್ಲಿಯನ್ನು ಮೂರು ದಿನ ಬಸ್ಸಿನ ಸೀಟಿನಲ್ಲಿ ಕೂರಿಸುವಂತಿರಲಿಲ್ಲ.

ಲಾರಿಯ ಸಂಗತಿ ಸ್ವಲ್ಪ ಹೇಳಬೇಕು. ಅದು ಬೇಕರಿಯೊಂದರ ಹಳೇ ಬ್ರೆಡ್ ಲಾರಿ. ನಾನು ಕುವೈತ್ ಪೇಟೆಯ ಶರ್ಕ್‌ನ ಒಂದು ವಿಮಾ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿ ಐದು ವರ್ಷದ ಮೇಲೆ ಇವರು ಹಾಸನದಿಂದ ಬಂದದ್ದು, ಅದೇ ಬೇಕರಿಗೆ ಒಲೆಗಳ ಮೆಕ್ಯಾನಿಕ್ಕಾಗಿ. ಬಂದು ಎರಡು ತಿಂಗಳಾಗಿರಲಿಲ್ಲ, ನನ್ನನ್ನು ಒಂದು ಮಾತೂ ಕೇಳದೆ ಲಾರಿ ಕೊಂಡರು. ಚಳಿಗಾಲದಲ್ಲಿ ಕುವೈತಿಯವರು ಮರುಭೂಮಿಯಲ್ಲಿ ಡೇರೆ ಹಾಕುತ್ತಾರಲ್ಲ, ಹಾಗೆ ನಾವೂ ಶುಕ್ರವಾರ ಹೋಗಬೇಕಂತೆ. ಬ್ರೆಡ್ ಜೋಡಿಸುವ ಕಪಾಟು ಕಿತ್ತು ಎರಡು ಮಂಚ ಕೂರಿಸಿದರು, ಪಕ್ಕಕ್ಕೆ ಕಿಟಕಿ ಕೊರೆಸಿದರು. ಬಿಳಿ ಬಣ್ಣ ಬಳಿದರೂ ಒಳಗಿನಿಂದ ಬ್ರೆಡ್ಡಿನ ಚಿತ್ರ ಇಣುಕುತ್ತಲೇ ಇತ್ತು.

ಸಾಮಾನು ಸಾಗಿಸುವ ಲಾರಿಯನ್ನು ಸ್ವಂತದ ವಿಹಾರದ ಗಾಡಿ ಎಂದು ನೋಂದಾಯಿಸುವುದು ಅಲ್ಲಿ ಸುಲಭವಲ್ಲ. ತಪಾಸಣೆಗೆ ಮೂರು ಸಲ ಹೋದರು. ಕೊನೆಗೆ ಗಾಡಿಯ ದಫ್ತರಿನಲ್ಲಿ, ಎಂದರೆ ನೋಂದಣಿ ಪುಸ್ತಕದಲ್ಲಿ, 'ಸರಕು' ಎಂಬುದನ್ನು ಹೊಡೆದು 'ರಿಹ್ಲಾತ್' ಎಂದು ಬರೆದು ಮೊಹರು ಒತ್ತಿಕೊಟ್ಟರು. ರಿಹ್ಲಾತ್ ಎಂದರೆ ವಿಹಾರ, ಪ್ರವಾಸ. ಆಮೇಲೆ ವಿಮೆ. ನಾನು ರಜೆಯಲ್ಲಿ ಊರಿಗೆ ಹೋಗಿದ್ದೆ. ಇವರೇ ಒಂದು ವಿಮಾ ಕೌಂಟರಿಗೆ ಹೋಗಿ ಬಂದು ನನಗೆ ಫೋನು ಮಾಡಿದರು.

"ಸುಮಿತ್ರಾ, ನಮ್ಮ ಗಾಡಿಗೆ ವಿಮೆ ಮಾಫಿ ಕಣೇ. ಅವನೇ ಎರಡು ಸಲ ಹೇಳಿದ."

ಹಾಸನದಲ್ಲಿ ಕಂದಾಯ ಮಾಫಿ ಎಂದರೆ ಕಟ್ಟಬೇಕಾಗಿಲ್ಲ ಎಂದು. ಗಲ್ಫಿನ ಅಂಗಡಿ ಕಚೇರಿಗಳ ಮುರುಕು ಅರಬ್ಬಿಯಲ್ಲಿ 'ಮಾಫಿ' ಎಂದರೆ 'ಇಲ್ಲ'. ಅಂಥ ಗಾಡಿಗೆ ನಮ್ಮಲ್ಲಿ ವಿಮೆಯೇ ಇಲ್ಲ ಎಂದು ಕೌಂಟರಿನವನು ಹೇಳಿದ್ದ. ಈ ಮಹಾರಾಯರು ಖುಷಿಯಲ್ಲಿ ಶುಕ್ರಾನ್ ಎಂದು ಉಪಕಾರ ಹೇಳಿ, ವಿಮೆಯಿಲ್ಲದ ಗಾಡಿಯನ್ನು ಒಂದು ತಿಂಗಳು ಊರೆಲ್ಲ ಓಡಿಸಿದರು. ನಾನು ಬಂದ ಮೇಲೆ ನಮ್ಮ ಕಚೇರಿಯಲ್ಲೇ ಹೇಗೋ ಪಾಲಿಸಿ ಮಾಡಿಸಿದೆ. ಈ ಕಥೆ ಕೇಳಿ ಇಡೀ ಕಚೇರಿ ನಕ್ಕಿತು. ನನಗೆ ಮೈಯೆಲ್ಲ ಉರಿದಿತ್ತು. ಅಂದಿನಿಂದ ಆ ಲಾರಿಯನ್ನು ಬೈಯದೆ ನಾನು ಅದನ್ನು ಹತ್ತಿದ್ದೇ ಇಲ್ಲ.

ಖೈತಾನಿನಿಂದ ಗಡಿಗೆ ನೂರು ಕಿಲೋಮೀಟರಿನ ಆಸುಪಾಸು. ದಾರಿಯ ಎರಡೂ ಕಡೆ ಚಕ್ರ ಬಿಚ್ಚಿಕೊಂಡು ಹೋದ ಕಾರುಗಳು ನಿಂತಿದ್ದವು. ಗಡಿಯ ಠಾಣೆಯಲ್ಲಿ ಸೈನಿಕನೊಬ್ಬ ಲಾರಿಯ ಬಾನೆಟ್ ತಟ್ಟಿ, ಇದು ಬೇಕು, ಇಳಿಯಿರಿ ಎಂದು ಕೈ ಮಾಡಿದ. ಸರಕಿನ ಲಾರಿಗಳನ್ನು ಅವರು ಇಟ್ಟುಕೊಳ್ಳುತ್ತಿದ್ದರು. ನಮ್ಮ ಮುಂದಿದ್ದ ಎರಡನ್ನು ಆಗಲೇ ಪಕ್ಕಕ್ಕೆ ನಿಲ್ಲಿಸಿದ್ದರು. ಇವರು ದಫ್ತರ್ ಚಾಚಿದರು. ಅವನು ಓದಿ, "ರಿಹ್ಲಾತ್?" ಎಂದು ನಕ್ಕು ಇನ್ನೊಬ್ಬನನ್ನು ಕರೆದು ತೋರಿಸಿದ. ಇಂಥ ಕಾಲದಲ್ಲಿ ವಿಹಾರಕ್ಕೆ ಹೊರಟವರು ನಾವೇ ಮೊದಲಿಗರಿರಬೇಕು. ಹಿಂದಿನ ಬಾಗಿಲು ತೆರೆಸಿ ನೋಡಿದರು. ಲಿಲ್ಲಿ ಮಲಗಿದಲ್ಲಿಂದಲೇ ಸಲಾಂ ಹೇಳಿದಳು. ಬಾಗಿಲು ಮುಚ್ಚಿ, ಹೊರಡಿ ಎಂದು ಕೈ ಬೀಸಿ, "ಯಲ್ಲಾ" ಅಂದರು.

ಬಸ್ರಾದಲ್ಲಿ ಬನ್ನಿನಂಥ ಸಮೂನ್ ಬ್ರೆಡ್ಡಿಗಾಗಿ ಒಂದೂವರೆ ಗಂಟೆ ಸಾಲಿನಲ್ಲಿ ನಿಂತೆ, ನಾಲ್ಕು ಸಿಕ್ಕವು. ಮನೆಯಿಂದ ತಂದ ಅವಲಕ್ಕಿ, ನಿಂಬೆ ಉಪ್ಪಿನಕಾಯಿ ಇತ್ತು. ಎರಡನೆಯ ದಿನ ಬಾಗ್ದಾದಿನ ಹೊರವಲಯ ದಾಟಿ ಪಶ್ಚಿಮಕ್ಕೆ ತಿರುಗಿದೆವು. ಆಮೇಲೆ ಬರೀ ಕಲ್ಲು ಮಣ್ಣಿನ ಬಯಲು, ಬಿಸಿಗಾಳಿ. ಗಂಟೆಗೊಮ್ಮೆ ಇಳಿದು ಹೋಗಿ ಲಿಲ್ಲಿಯ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದೆ.

"ಹೇಗಿದ್ದೀ?" ಎಂದರೆ, "ನನಗೆ ಎಂತ ಇಲ್ಲ ಸುಮಿತ್ರಕ್ಕ. ನಿಮ್ಮ ಲಾರಿಗೆ ಇನ್ನೂ ಬ್ರೆಡ್ಡಿನ ಪರಿಮಳ ಉಂಟು. ಹಸಿವು ಮಾತ್ರ ಆಗ್ತದೆ," ಅನ್ನುತ್ತಿದ್ದಳು. ಅವಳ ಕಾಲು ಊದಿಕೊಂಡಿತ್ತು. ನನಗೆ ಭಯವಾಗಿತ್ತು, ಅವಳಿಗೆ ಹೇಳಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಜೋರ್ಡಾನಿನ ಗಡಿ ಸೇರಿದೆವು. ಬಯಲಿನ ತುಂಬ ಜನ, ಡೇರೆ, ಬಿಟ್ಟುಹೋದ ಕಾರುಗಳು. ಗಾಡಿಯನ್ನು ಒಳಗೆ ಬಿಡಬೇಕಾದರೆ ಆ ದೇಶದ ವಿಮೆ ಆಗಬೇಕು, ಇಲ್ಲವಾದರೆ ಗಾಡಿ ಬಿಟ್ಟು, ಬಸ್ಸಿನ ಸರದಿ ಬರುವವರೆಗೆ ಡೇರೆಯಲ್ಲಿರಬೇಕು. ಸರದಿಗೆ ಕೆಲವರು ವಾರದಿಂದ ಕಾದಿದ್ದರು. ಒಬ್ಬ ಅಧಿಕಾರಿ ಬಂದು ದಫ್ತರ್ ನೋಡಿದ, ಹಿಂದಿನ ಬಾಗಿಲು ತೆಗೆಸಿ ಲಿಲ್ಲಿಯನ್ನೂ ನೋಡಿದ, ಇವರನ್ನು ತನ್ನ ಕೋಣೆಗೆ ಕರೆದುಕೊಂಡು ಹೋದ. ನಾನು ನೀರಿನ ಟ್ಯಾಂಕರಿನ ಸಾಲಿಗೆ ಹೋದೆ.

ಕೊಡಪಾನ ತುಂಬಿಸಿಕೊಂಡು ಬರುವಷ್ಟರಲ್ಲಿ ಇವರು ಹಾಸಿಗೆಯನ್ನು ಮರಳಿನ ಮೇಲೆ ಹಾಕಿದ್ದರು. ಲಿಲ್ಲಿ ಚಕ್ರಕ್ಕೆ ಒರಗಿ, ಹೊಟ್ಟೆ ಹಿಡಿದುಕೊಂಡು ಬಿಸಿಲಲ್ಲಿ ಕೂತಿದ್ದಳು.

"ಏನಾಯ್ತು ರೀ?"

"ವಿಮೆ ಮಾಫಿಯಂತೆ," ಅಂದರು. ಮುಖ ಇಳಿದುಹೋಗಿತ್ತು. "ಈ ಸಲ ನನಗೆ ಸರಿಯಾಗೇ ಅರ್ಥ ಆಯ್ತು ಕಣೇ. ಖಲಾಸ್. ಲಾರಿ ಬಿಡಬೇಕು."

"ಬಾಯಲ್ಲಿ ಹೇಳಿದನೋ, ಕಾಗದ ಏನಾದರೂ ಕೊಟ್ಟನೋ?"

ಜೇಬಿನಿಂದ ಮಡಚಿದ ಚೀಟಿ ತೆಗೆದರು. ಅರಬ್ಬಿ ಓದಲು ನನಗೆ ಬಾರದು. ಆದರೆ ಐದು ವರ್ಷ ಪಾಲಿಸಿಗಳ ನಡುವೆ ಬದುಕಿದವಳಿಗೆ ಹತ್ತು ಹನ್ನೆರಡು ಪದಗಳ ಆಕಾರ ಗೊತ್ತು. ನಮ್ಮ ಕಚೇರಿಯಲ್ಲಿ ಶುಲ್ಕ ಬಿಟ್ಟುಕೊಟ್ಟ ಪಾಲಿಸಿಗಳ ಮೂಲೆಯಲ್ಲಿ ಒತ್ತುತ್ತಿದ್ದ ಪದವೇ ಇಲ್ಲಿ ಕೈಬರಹದಲ್ಲಿತ್ತು, ಕೆಳಗೆ ಮೊಹರಿತ್ತು. 'ಮುಅಫಾ'. ಎಂದರೆ ವಿನಾಯಿತಿ. ಅವನು ಮುಅಫಾ ಅಂದದ್ದು ಇವರಿಗೆ ಮಾಫಿ ಎಂದು ಕೇಳಿಸಿತ್ತು. ಹೇಳಿದ್ದು 'ಇಲ್ಲ' ಎಂದಲ್ಲ. ನಮ್ಮ ಹಾಸನದ ಮಾಫಿ ಎಂದೇ ಹೇಳಿದ್ದ.

"ಹಾಸಿಗೆ ಎತ್ತಿ ಒಳಗೆ ಹಾಕಿ," ಅಂದೆ. "ಒಮ್ಮೆ ಇಲ್ಲ ಅಂದದ್ದು ಹೌದು ಅಂತ ಕೇಳಿಸಿತು, ಇವತ್ತು ಹೌದು ಅಂದದ್ದು ಇಲ್ಲ ಅಂತ ಕೇಳಿಸಿದೆ. ಹೊಟ್ಟೇಲಿರೋದನ್ನ ಬಿಸಿಲಿಗೆ ಹಾಕಿದ್ದೀರಲ್ಲ, ನಿಮ್ಮ ಕಿವಿಗಿಷ್ಟು ಬೆಂಕಿ ಹಾಕ." ಇನ್ನೂ ಏನೇನೋ ಅಂದೆ. ಇಬ್ಬರೂ ಸೇರಿ ಲಿಲ್ಲಿಯನ್ನು ಎತ್ತಿ ಮಲಗಿಸಿದೆವು. ಚೀಟಿ ತೋರಿಸಿದ ಕೂಡಲೇ ಗೇಟು ತೆಗೆದರು. ಐದಾರು ಕಿಲೋಮೀಟರು ಹೋದ ಮೇಲೆ ಹಿಂದಿನಿಂದ ಲಿಲ್ಲಿ ಗೋಡೆ ತಟ್ಟಿದಳು. ಇವರು ಲಾರಿ ನಿಲ್ಲಿಸಿದರು. ಇಳಿದು ಓಡಿದೆ.

"ಒದೀತಾ ಉಂಟು ಅಕ್ಕ, ಕೈ ಇಟ್ಟು ನೋಡಿ," ಅಂದಳು. ಕೈಯಿಟ್ಟು ನೋಡಿದೆ. ಅಲ್ಲೇ ಕೂತು ಅತ್ತೆ.

ಅಮ್ಮಾನಿನಲ್ಲಿ ನಾಲ್ಕನೆಯ ದಿನಕ್ಕೆ ವಿಮಾನದಲ್ಲಿ ಜಾಗ ಸಿಕ್ಕಿತು. ಲಿಲ್ಲಿಗೆ ಮೂರು ಸೀಟು ಬಿಟ್ಟುಕೊಟ್ಟರು. ಲಾರಿಯನ್ನು ನೀರು ಸಾಗಿಸಲೆಂದು ನಿರಾಶ್ರಿತರ ಶಿಬಿರದವರಿಗೆ ಕೊಟ್ಟೆವು. ವಿಮಾನ ನಿಲ್ದಾಣಕ್ಕೆ ಹೊರಟ ಬಸ್ಸಿನ ಕಿಟಕಿಯಿಂದ ಅದು ಕಾಣುತ್ತಿತ್ತು. ಬಿಸಿಲಿಗೆ ಬಿಳಿ ಬಣ್ಣ ಎದ್ದು, ಬ್ರೆಡ್ಡಿನ ಚಿತ್ರ ಮುಕ್ಕಾಲು ಪಾಲು ಹೊರಗೆ ಬಂದಿತ್ತು. ಏಳು ತಿಂಗಳು ನನ್ನಿಂದ ಬೈಸಿಕೊಂಡ ಲಾರಿ. ಕಾಣದಾಗುವವರೆಗೂ ಕತ್ತು ತಿರುಗಿಸಿ ನೋಡಿದೆ.

ಇವರು ಮೆಲ್ಲಗೆ ಕೇಳಿದರು: "ಕೋಪ ಇನ್ನೂ ಇಳಿದಿಲ್ವಾ? ನನಗೇನಾದರೂ ಮಾಫಿ ಉಂಟೋ ಹೇಗೆ?"

"ಮಾಫಿ," ಅಂದೆ.

ಇವರು ನನ್ನ ಕಡೆ ತಿರುಗಿದರು. "ಯಾವ ಊರಿನದು?"

"ಹಾಸನದ್ದು," ಅಂದೆ.