ವಿಭೂತಿ ಹಚ್ಚಿದ ಪಿಪೆಟ್ಟು

ಪಿಪೆಟ್ಟು ಅಂದರೇನೆಂದು ಮೊದಲು ಹೇಳಿಬಿಡುತ್ತೇನೆ. ನಡುವೆ ಹೊಟ್ಟೆ ಉಬ್ಬಿದ, ಎರಡೂ ತುದಿ ತೆರೆದ ಗಾಜಿನ ನಳಿಗೆ ಅದು. ಕೆಳಗಿನ ತುದಿಯನ್ನು ದ್ರಾವಣದಲ್ಲಿ ಅದ್ದಿ, ಮೇಲಿನ ತುದಿಗೆ ಬಾಯಿಟ್ಟು ಮೆಲ್ಲಗೆ ಎಳೆಯಬೇಕು. ದ್ರಾವಣ ನಳಿಗೆಯ ಮೇಲೆ ಕೊರೆದ ಗೆರೆ ದಾಟಿದ ಕೂಡಲೇ ಬಾಯಿ ತೆಗೆದು ಬೆರಳು ಒತ್ತಬೇಕು. ಬೆರಳು ಇರುವ ತನಕ ಒಂದು ಹನಿಯೂ ಕೆಳಗೆ ಬೀಳುವುದಿಲ್ಲ. ಬಾಯಿಂದ ಎಳೆಯುವುದನ್ನು ಈಗಿನವರು ಒಪ್ಪಲಿಕ್ಕಿಲ್ಲ. ಮೂವತ್ತರ ದಶಕದ ಸೊಲ್ಲಾಪುರದಲ್ಲಿ ನಮಗೆ ಬೇರೆ ದಾರಿ ಗೊತ್ತಿರಲಿಲ್ಲ.

ಆಗ ಊರಲ್ಲಿ ಕಾಲೇಜು ಇನ್ನೂ ಆಗಿರಲಿಲ್ಲ. ನಮ್ಮ ಹೈಸ್ಕೂಲಿನ ಹಿಂಬದಿಯ ಉದ್ದನೆಯ ಕೋಣೆಯೇ ನಮ್ಮ ಪಾಲಿಗೆ ಕಾಲೇಜು, ಪ್ರಯೋಗಶಾಲೆ, ಎಲ್ಲವೂ. ಗ್ಯಾಸಿಲ್ಲ, ನಳವಿಲ್ಲ. ಸ್ಪಿರಿಟ್ ದೀಪಗಳು, ನೀರಿಗೊಂದು ಹಂಡೆ, ಮುಂಬಯಿಯಿಂದ ಒಣಹುಲ್ಲಿನಲ್ಲಿ ಹೂತು ಬಂದ ಗಾಜಿನ ಸಾಮಾನು, ಗಾಜಿನ ಪೆಟ್ಟಿಗೆಯೊಳಗೆ ದೇವರ ಹಾಗೆ ಕೂತ ಸಣ್ಣ ತಕ್ಕಡಿ. ಗಿರಣಿಯ ಭೋಂಗಾ ಊದಿದರೆ ಆ ತಕ್ಕಡಿಯ ಮುಳ್ಳು ನಡುಗುತ್ತದೆ ಎಂದು ಸರ್ ಹೇಳಿದ್ದರು. ಭೋಂಗಾ ನಿಲ್ಲುವ ತನಕ ಯಾರೂ ತೂಗುತ್ತಿರಲಿಲ್ಲ. ನಾನಂತೂ ಉಸಿರನ್ನೂ ಹಿಡಿಯುತ್ತಿದ್ದೆ. ಕರಜಗಿಯಿಂದ ಬಂದ ಒಕ್ಕಲುತನದ ಮನೆಯ ಹುಡುಗ ನಾನು. ಸಾಲೆಯ ಓದೆಲ್ಲ ಮರಾಠಿ. ಕನ್ನಡ ಬಂದದ್ದು ಅಜ್ಜ ಮತ್ತು ದೊಡ್ಡವ್ವನ ಬಾಯಿಂದ. ಅವರಿಬ್ಬರೂ ಹೇಳದೇ ಇದ್ದದ್ದನ್ನು ಮೊದಲ ಸಲ ನೋಡಿದ್ದು ಆ ಕೋಣೆಯಲ್ಲಿ.

ಸರ್ ಪುಣೆಯಲ್ಲಿ ರಸಾಯನಶಾಸ್ತ್ರ ಓದಿ ಬಂದವರು. ಮಾತು ಮರಾಠಿ. ಸಂತೆಯಲ್ಲಿ ಕಲಿತ ಕನ್ನಡವನ್ನು ನಡುನಡುವೆ ಸೇರಿಸುತ್ತಿದ್ದರು. ಆ ಕನ್ನಡದಲ್ಲಿ ಹುಡುಗರಿಗೂ 'ರಿ' ಇರುತ್ತಿತ್ತು. ಕೊನೆಯ ವರ್ಷದ ಪರೀಕ್ಷೆಯಲ್ಲಿ ತಮ್ಮ ಕೈಯಾರೆ ಸರಿಯಾಗಿ ಅಳೆದು ತೋರಿಸಿದವರನ್ನು ಪುಣೆಯ ತಮ್ಮ ಹಳೆಯ ಕಾಲೇಜಿಗೆ ಅವರೇ ಶಿಫಾರಸು ಮಾಡಿ ಕಳಿಸುತ್ತಿದ್ದರು. ಅಳೆಯಲು ಬಾರದವನಿಗೆ ಶಿಫಾರಸಿಲ್ಲ.

ನನ್ನ ಮೇಜಿನ ಜೊತೆಗಾರ ಸೊಲ್ಲಾಪುರದ ಒಬ್ಬ ಅಡತಿ ವ್ಯಾಪಾರಿಯ ಮಗ. ಅವನ ಅಪ್ಪ ನನ್ನ ಎದುರಿಗೇ ಹೇಳಿದ್ದರು: "ಮಾಸ್ತರ್ರು ಕಳಸ್ತೀನಂದ್ರ ಪುಣಾಕ ಹೋಗು. ಇಲ್ಲಂದ್ರ ಪಾಡ್ಯಾದ ದಿನಾ ಅಂಗಡಿ ಗಾದಿ ಮ್ಯಾಲ ಕೂಡು. ಎರಡರಾಗ ಒಂದು." ಅವನಿಗೆ ಗಾದಿ ಬೇಡವಾಗಿತ್ತು.

ತಾಯಿ ಇಲ್ಲದ ಅವನನ್ನು ಅಕ್ಕಲಕೋಟೆಯಲ್ಲಿ ಬೆಳೆಸಿದ್ದು ಅವನ ಅಜ್ಜಿ, ಅಪ್ಪನ ತಾಯಿ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ಅವನು ಸೊಲ್ಲಾಪುರದ ಸಾಲೆಗೆ ಹೊರಟ ದಿನ ಆಯಿ ಅವನ ಕೈಯನ್ನು ಕೊರಳ ಲಿಂಗದ ಮೇಲೆ ಇಡಿಸಿ, ಮಂದಿಯ ಎಂಜಲಕ್ಕೆ ಬಾಯಿ ಹಚ್ಚುವುದಿಲ್ಲ ಎಂದು ಆಣೆ ಮಾಡಿಸಿದ್ದಳು. ನೀರನ್ನೂ ಅವನು ತಂಬಿಗೆ ಎತ್ತಿ ಮೇಲಿಂದಲೇ ಕುಡಿಯುತ್ತಿದ್ದ. ಆದರೆ ಪಿಪೆಟ್ಟಿನಲ್ಲಿ ಮೇಲಿಂದ ಕುಡಿಯುವುದು ಹೇಗೆ? ಮೇಜಿಗೆ ಒಂದೇ ಪಿಪೆಟ್ಟು. ಬೆಳಗಿನ ತಂಡ, ಮಧ್ಯಾಹ್ನದ ತಂಡ, ಎಲ್ಲ ಜಾತಿ ಎಲ್ಲ ಓಣಿಯ ಹುಡುಗರು ಬಾಯಿಡುವುದು ಅದಕ್ಕೇ.

ಅದಕ್ಕೆ ಅವನೇ ಒಂದು ಉಪಾಯ ಹುಡುಕಿಕೊಂಡಿದ್ದ. ಜೇಬಿನಲ್ಲಿ ಸಣ್ಣ ವಿಭೂತಿ ಗಟ್ಟಿ ಇರುತ್ತಿತ್ತು. ಬೆರಳು ಒದ್ದೆ ಮಾಡಿ, ವಿಭೂತಿ ತೀಡಿ, ಪಿಪೆಟ್ಟಿನ ಬಾಯಿಗೆ ಸುತ್ತಲೂ ಬಳಿದು, ಕಣ್ಣಿಗೊತ್ತಿಕೊಂಡು ಆಮೇಲೆ ಎಳೆಯುತ್ತಿದ್ದ. ದಿನಾ ನೋಡುತ್ತಿದ್ದ ನನಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ನಮ್ಮ ಮನೆಯಲ್ಲಿ ಹೊಸ ಕೊಡಕ್ಕೂ ಹಾಗೆಯೇ ಹಚ್ಚುತ್ತಿದ್ದರು.

ಪ್ರಯೋಗ ಇಷ್ಟೇ. ಪಿಪೆಟ್ಟಿನಿಂದ ಆಮ್ಲ ಅಳೆದು ಗಾಜಿನ ಕುಪ್ಪಿಗೆ ಬಿಡಬೇಕು. ಅದಕ್ಕೆ ಬಣ್ಣ ತೋರಿಸುವ ಔಷಧದ ಹನಿ ಹಾಕಿ, ಮೇಲೆ ನಿಲ್ಲಿಸಿದ ಬ್ಯೂರೆಟ್ಟು ಎಂಬ ಗೆರೆ ಹಾಕಿದ ನಳಿಗೆಯಿಂದ ಕ್ಷಾರವನ್ನು ಹನಿಹನಿಯಾಗಿ ಬಿಡುತ್ತ ಹೋಗಬೇಕು. ಆಮ್ಲ ಮುಗಿದು ಒಂದು ಹನಿ ಕ್ಷಾರ ಹೆಚ್ಚಾದ ಗಳಿಗೆಯಲ್ಲಿ ನೀರಿನಂಥದ್ದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸರದಿ ಬದಲಾದಾಗಲೆಲ್ಲ ಪಿಪೆಟ್ಟು ತೊಳೆಯುತ್ತಿದ್ದೆವು. ನಮ್ಮೆಲ್ಲರದೂ ಒಂದೇ ಗೆರೆಗೆ ತಿರುಗುತ್ತಿತ್ತು. ಅವನದು ಯಾವಾಗಲೂ ಮೊದಲೇ. ಒಂದು ದಿನದಂತೆ ಇನ್ನೊಂದು ದಿನವೂ ಇಲ್ಲ.

"ಯಾಕಲೇ, ನಿಂದು ಗುಲಾಬಿ ಆಗಾಕ ಇಷ್ಟ್ ಗಡಿಬಿಡಿ ಮಾಡ್ತದ? ಮದಲಗಿತ್ತಿ ಏನು?" ಎಂದು ನಾನು ಚೇಷ್ಟೆ ಮಾಡಿದೆ.

"ಸುಮ್ಮ ಕೂಡಲೇ ಕರಜಗಿ. ನಿಮ್ಮೆಲ್ಲಾರದೂ ತಡಾ ಆಗ್ತದ."

ಪರೀಕ್ಷೆ ಹತ್ತಿರ ಬಂತು. ಸರ್‌ಗೂ ಕಸಿವಿಸಿ. ಬ್ಯೂರೆಟ್ಟನ್ನು ತಾವೇ ತೊಳೆದರು, ಕ್ಷಾರದ ಸೋಡಾ ಮತ್ತೆ ತೂಗಿ ಹೊಸ ದ್ರಾವಣ ಮಾಡಿದರು. ಆದರೂ ಅವನದು ಮೊದಲೇ. ಕೊನೆಗೊಂದು ಶುಕ್ರವಾರ ಸದ್ದಿಲ್ಲದೆ ಅವನ ಬೆನ್ನ ಹಿಂದೆ ನಿಂತರು. ಅವನು ವಿಭೂತಿ ಹಚ್ಚಿ, ಕಣ್ಣಿಗೊತ್ತಿ, ಬಾಯಿಗಿಡುವಷ್ಟರಲ್ಲಿ "ಥಾಂಬ್!" ಎಂದು ತಡೆದರು.

ಪಿಪೆಟ್ಟಿನ ಬಾಯಿಯಿಂದ ಬಿಳಿ ಪುಡಿಯನ್ನು ಗಾಜಿನ ಬಟ್ಟಲಿಗೆ ಕೆರೆದು ಅದರ ಮೇಲೆ ಒಂದು ಹನಿ ಆಮ್ಲ ಬಿಟ್ಟರು. ಪುಡಿ ಬುಸುಬುಸು ನೊರೆಯೆದ್ದಿತು. ಒದ್ದೆ ವಿಭೂತಿ ದಿನಾ ನಳಿಗೆಯೊಳಗೆ ಇಳಿದು ಆಮ್ಲದ ಒಂದಷ್ಟನ್ನು ತಾನೇ ಮುಗಿಸಿಬಿಡುತ್ತಿತ್ತು. ಕ್ಷಾರಕ್ಕೆ ಉಳಿಯುತ್ತಿದ್ದ ಕೆಲಸ ಕಡಿಮೆ.

"ದೇವರು ಸಿಟ್ಟಾದ ನೋಡ್ರೆಪಾ!" ಎಂದು ಹಿಂದಿನ ಮೇಜಿನವನೊಬ್ಬ ಕೂಗಿದ. ಕೋಣೆಯೆಲ್ಲ ನಗು.

"ಹಸೂ ನಕಾ!" ಸರ್ ಗದರಿದರು. ಆಮೇಲೆ ತಮ್ಮ ಸಂತೆಯ ಕನ್ನಡದಲ್ಲಿ ಅವನಿಗೆ, "ಬಾಳಾ, ಒಲೀ ಬೂದಿ, ದೇವರ ಬೂದಿ, ಆಮ್ಲಕ್ಕ ಫರಕ್ ತಿಳಿಯೂದಿಲ್ರಿ. ಹಚ್ಚಬ್ಯಾಡ್ರಿ."

"ಹಚ್ಚದ ಬಾಯಿಗಿ ಇಡಾಕ ಬರಂಗಿಲ್ರಿ ಸರ್. ಆಯಿಗಿ ಆಣಿ ಮಾಡೀನಿ."

ಬೈಯುತ್ತಾರೆಂದು ನಾನು ಕಾದೆ. ಅವರು ಬೈಯಲಿಲ್ಲ. ಅವರಿಗೂ ಮನೆಯಿಂದಲೇ ಮುಚ್ಚಿದ ತಂಬಿಗೆಯಲ್ಲಿ ನೀರು ಬರುತ್ತಿತ್ತು. ಪಿಪೆಟ್ಟನ್ನು ತೊಳೆದು, ಹತ್ತಿಯಲ್ಲಿ ಸುತ್ತಿ, ತಮ್ಮ ಹೆಗಲ ಮೇಲಿನ ಉಪರಣೆಯಲ್ಲಿ ಕಟ್ಟಿ ಅವನ ಕೈಗಿಟ್ಟರು. ಆಣೆ ಯಾರಿಗೆ ಮಾಡಿದ್ದೀಯೋ ಅವರಿಗೇ ತೋರಿಸಿ ಕೇಳು, ಸೋಮವಾರ ಪರೀಕ್ಷೆ, ಒಡೆದರೆ ನಿನ್ನ ಮೇಜಿಗೆ ಬೇರೆ ಇಲ್ಲ ಎಂದರು.

ಶನಿವಾರ ಇಬ್ಬರೂ ಅಕ್ಕಲಕೋಟೆಯ ರೈಲು ಹತ್ತಿದೆವು. ಗಂಟನ್ನು ಸರದಿಯ ಮೇಲೆ ತೊಡೆಯಲ್ಲಿಟ್ಟುಕೊಂಡು ಕೂತಿದ್ದ ನಮ್ಮನ್ನು ಎದುರಿಗಿದ್ದ ಹೆಣ್ಣುಮಗಳು ನೋಡಿ ನೋಡಿ ಕೇಳಿದಳು: "ಏನ್ರೋ ತಮ್ಮಾ ಅದು, ಕೂಸೇನು?"

"ಅಲ್ರೀ ಅಕ್ಕಾರ, ಕಾಜಿನ ಸಾಮಾನು."

"ಅಯ್ಯ, ಕಾಜಿಗಿ ಇಷ್ಟ್ ಜ್ವಾಪಾನಾ? ನಾಳಿ ಹೇಂತೀನ್ನೂ ಹೀಂಗ ನೋಡ್ಕೋರಿ."

ಸ್ಟೇಷನ್ನಿನಿಂದ ಊರಿಗೆ ಟಾಂಗಾ. ಪ್ರತಿ ತಗ್ಗಿಗೂ ಅವನು ಕಣ್ಣು ಮುಚ್ಚುತ್ತಿದ್ದ.

ಆಯಿ ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತ ಕೂತಿದ್ದಳು. ಮಗಳ ಮನೆಗೆ ಹೋದರೂ ತನ್ನ ತಂಬಿಗೆ ತಾನೇ ಒಯ್ಯುವ ಮುದುಕಿ. ನಮಗೆ ರೊಟ್ಟಿ ಹಾಕಿ, ಉಣ್ಣುವ ತನಕ ಏನೂ ಕೇಳಲಿಲ್ಲ. ಆಮೇಲೆ ಮೊಮ್ಮಗ ಎಲ್ಲ ಹೇಳಿದ. ವಿಭೂತಿಯ ನೊರೆಯನ್ನೂ ಬಿಡಲಿಲ್ಲ.

"ಬಾಯಿ ಹಚ್ಚಲಿಲ್ಲಂದ್ರ ಏನಾಗ್ತದ?"

"ಪುಣಾಕ ಕಳಸಂಗಿಲ್ಲ. ಅಪ್ಪ ಗಾದಿ ಮ್ಯಾಲ ಕೂಡಸ್ತಾನ."

"ಗಾದಿ ಏನ್ ಮುಳ್ಳಿಂದದೇನು? ನಿಮ್ಮ ಅಜ್ಜ ಅದರ ಮ್ಯಾಲೇ ಮುದುಕ ಆದ."

ಅವನು ತಲೆ ತಗ್ಗಿಸಿದ. "ಆ ಬಣ್ಣಾ ಒಂದ ಹನಿಗಿ ಬರ್ತದಲ್ಲ ಆಯಿ, ಅದು ನನ್ನ ಕೈಲೆ ಒಮ್ಮಿನೂ ಸರಿ ಬಂದಿಲ್ಲ," ಎಂದ.

ಆಯಿ ಶೇಂಗಾದ ಮೊರ ಸರಿಸಿದಳು. "ಎಲ್ಲಿ ಅದ, ತೋರಸ್ರಿ."

ಅವನು ತೋರಿಸುವ ಹಾಗಿರಲಿಲ್ಲ. ಅಂಗಳದ ತಂಬಿಗೆಯಲ್ಲಿ ಅದ್ದಿ ನಾನೇ ಎಳೆದೆ, ಬೆರಳು ಒತ್ತಿ ಎತ್ತಿ ಹಿಡಿದೆ. ಕೆಳಗೆ ತೆರೆದ ಬಾಯಿ, ಒಳಗೆ ನಿಂತ ನೀರು. ಆಯಿ ಬಗ್ಗಿ ಕೆಳಗಿನಿಂದ ನೋಡಿದಳು.

"ಯಾಕ ಬೀಳವಲ್ದು?"

"ಗಾಳಿ ಹಿಡದದ ಆಯಿ, ಕೆಳಗಿಂದ."

"ಗಾಳಿ ನೀರು ಹಿಡೀತದೇನು! ತಾ ಇಲ್ಲಿ."

ನನ್ನ ಕೈಯಿಂದ ಕಸಿದುಕೊಂಡವಳೇ ಬಾಯಿಗಿಟ್ಟಳು. ಹಲ್ಲಿಲ್ಲದ ತುಟಿಗೆ ಅದು ಸುಲಭಕ್ಕೆ ನಿಲ್ಲಲಿಲ್ಲ. ಒಮ್ಮೆ ಗಾಳಿಯೇ ಬಂತು, ಒಮ್ಮೆ ನೀರು ಗಂಟಲಿಗೇ ಹೋಗಿ ಕೆಮ್ಮಿದಳು. ಕೆಮ್ಮುತ್ತಲೇ ಮತ್ತೆ ಎಳೆದಳು. ನೀರು ನಿಂತಿತು.

"ಆಯಿ! ಅದಕ್ಕ ಎಲ್ಲಾರೂ ಬಾಯಿ ಹಚ್ಚ್ಯಾರ!" ಮೊಮ್ಮಗ ಎದ್ದೇ ನಿಂತಿದ್ದ.

"ಗೊತ್ತದ. ಈಗಿಂದೀಗ ಈ ಕರಜಗಿಯಂವ ಹಚ್ಚಿದ್ದು ಕಾಣಾಕ ನನಗ ಕಣ್ಣಿಲ್ಲೇನು?" ಬೆರಳು ಬಿಟ್ಟು ನೀರು ಸುರಿಸಿ, ಪಿಪೆಟ್ಟನ್ನು ಅವನ ಕಡೆ ಚಾಚಿದಳು. "ತಗೋ. ಎಲ್ಲಾರ ಮ್ಯಾಲ ನಾ ಬಾಯಿ ಹಚ್ಚೀನಿ, ಈಗ ಇದು ನನ್ನ ಎಂಜಲ. ನಿನಗ ಹಲ್ಲು ಬರೂ ಮದಲ ರೊಟ್ಟಿ ಅಗದು ಬಾಯಾಗ ಇಟ್ಟಾಕಿ ನಾ. ಅದು ನಡೀತು, ಇದು ನಡಿಯಂಗಿಲ್ಲೇನು?"

ಅವನು ಒರೆಸಲಿಲ್ಲ, ತೊಳೆಯಲಿಲ್ಲ. ಹಾಗೆಯೇ ಬಾಯಿಗಿಟ್ಟು ತಂಬಿಗೆಯ ನೀರೆಳೆದ.

ಆಮೇಲೆ ಆಯಿ ಎದ್ದು ಬಚ್ಚಲಿಗೆ ಹೋದಳು. ಹೊತ್ತಲ್ಲದ ಹೊತ್ತಿನಲ್ಲಿ ಅವಳು ತಣ್ಣೀರು ತಲೆಯ ಮೇಲೆ ಸುರಿದುಕೊಳ್ಳುವುದು ನಮಗೆ ಕೇಳಿಸಿತು. ಮತ್ತೆ ಲಿಂಗಪೂಜೆಗೆ ಕೂತಳು. ನಾವಿಬ್ಬರೂ ಪಿಪೆಟ್ಟನ್ನು ಮತ್ತೆ ಹತ್ತಿಯಲ್ಲಿ ಸುತ್ತಿದೆವು.

ಸೋಮವಾರ ಅವನ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಎಂದಿಗಿಂತ ದಟ್ಟವಾಗಿತ್ತು. ಪಿಪೆಟ್ಟಿನ ಮೇಲೆ ಇರಲಿಲ್ಲ. ಆಮ್ಲ ಗೆರೆಗೆ ಬಂತು, ಕುಪ್ಪಿಗೆ ಇಳಿಯಿತು. ಬ್ಯೂರೆಟ್ಟಿನ ಹನಿಗಳು ಬೀಳುತ್ತ ಹೋದವು, ನೀರು ನೀರಾಗಿಯೇ ಇತ್ತು. ಅವನ ಕಿವಿಗಳು ಕೆಂಪಾಗಿದ್ದವು. ಮತ್ತೊಂದು ಹನಿ. ಕುಪ್ಪಿ ಅಲ್ಲಾಡಿಸಿದ, ತೆಳು ಗುಲಾಬಿ ಹಬ್ಬಿ ನಿಂತಿತು. ಸರ್ ಬಗ್ಗಿ ಬ್ಯೂರೆಟ್ಟಿನ ಗೆರೆ ನೋಡಿ, "ಬರೋಬರ್" ಎಂದಷ್ಟೇ ಹೇಳಿ ಮುಂದಿನ ಮೇಜಿಗೆ ಹೋದರು. ಅವನು ಆ ಕುಪ್ಪಿಯನ್ನು ಬಹಳ ಹೊತ್ತು ಚೆಲ್ಲಲಿಲ್ಲ.

ಅವನು ಪುಣೆಗೆ ಹೋಗುವ ಮುಂಚೆ ಆಯಿಗೆ ಹೇಳಿ ಬರಲು ಮತ್ತೆ ಅಕ್ಕಲಕೋಟೆಗೆ ಹೋಗಿದ್ದೆವು. ಪಡಸಾಲೆಯಲ್ಲಿ ಓಣಿಯ ಹೆಂಗಸರು ನೆರೆದಿದ್ದರು. ನಡುವೆ ಆಯಿ. ಅವಳ ಕೈಯಲ್ಲಿ ಪಪ್ಪಾಯಿ ಎಲೆಯ ಟೊಳ್ಳು ದಂಟು, ಮೇಲಿನ ತುದಿಯಲ್ಲಿ ಒತ್ತಿದ ಹೆಬ್ಬೆರಳು.

"ನೋಡ್ರೆವಾ, ಗಾಳಿ ಹಿಡದದ," ಎನ್ನುತ್ತಿದ್ದಳು. "ಬಿಡಲೇನು?"