ಹುಲಿಕಲ್ ಘಾಟಿಯ ತಲೆಯಲ್ಲಿ ಕೇಳಿಸಿದ ‘ಹೋಲ್ಡಾನ್’

ಮೊದಲೇ ಹೇಳಿಬಿಡುತ್ತೇನೆ, ನನ್ನ ಕಸುಬೇ ಸುಳ್ಳು ದನಿ. ಮದುವೆ ಮನೆಯಲ್ಲಿ, ಗಣಪತಿ ಪೆಂಡಾಲಿನಲ್ಲಿ ಮೈಕ್ ಹಿಡಿದು ಕೋಳಿ, ಕಪ್ಪೆ, ಮಿಕ್ಸಿ, ಮಿಕ್ಸಿಗಿಂತ ಜೋರಾಗಿ ಮಾತಾಡುವ ಪಕ್ಕದ ಮನೆಯಾಕೆ, ಇವರನ್ನೆಲ್ಲ ಗಂಟಲಲ್ಲಿ ಇಟ್ಟುಕೊಂಡು ಹೊಟ್ಟೆ ಹೊರೆಯುವವನು. ಹಾಗಾಗಿ ಈ ಸಂಗತಿ ಹೇಳಿದಾಗೆಲ್ಲ ಜನ ನಗುತ್ತಾರೆ. ನಗಲಿ. ಆ ಜೀಪಿನಲ್ಲಿ ನನ್ನ ಜೊತೆ ಕೂತಿದ್ದವರು ಇವತ್ತಿಗೂ ಇದ್ದಾರೆ. ನನಗೆ ಕೇಳಿಸಿದ್ದೇ ಅವರಿಗೂ ಕೇಳಿಸಿತು. ವ್ಯತ್ಯಾಸ ಇಷ್ಟೇ... ಅವರು ಅದು ನಾನೇ ಅಂದುಕೊಂಡರು.

ನನ್ನ ಮಾವ ಮಂಜಪ್ಪ ಸಾಗರ, ಹೊಸನಗರ, ತೀರ್ಥಹಳ್ಳಿ ನಡುವೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರು. ನನ್ನನ್ನು ಸಾಕಿದ್ದು ಅವನು ಮತ್ತು ಗಿರಿಜತ್ತೆ. ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದಿನ ಸಾಲುಮನೆಯಲ್ಲಿ ನಮ್ಮ ವಾಸ. ನಾನು ಮಿಮಿಕ್ರಿ ಕಲಿತದ್ದೇ ಅವನ ಬಸ್ಸಿನ ಫುಟ್‌ಬೋರ್ಡಿನ ಮೇಲೆ. ಮೊದಲು ಕಲಿತ ದನಿಯೂ ಅವನದೇ. ಬಸ್ಸು ನಿಲ್ಲಿಸಲು ಅವನು ಕೂಗುತ್ತಿದ್ದ ‘ಹೋಲ್ಡಾ...ನ್’ ಎಂಬ ಕೂಗು, ಅದರ ನಡುವಿನ ಆ ಉದ್ದನೆಯ ಎಳೆತ, ಬೇರೆ ಯಾವ ಕಂಡಕ್ಟರಿಗೂ ಬರುತ್ತಿರಲಿಲ್ಲ. ಇಳಿಯುವವರು ಆ ಎಳೆತ ಮುಗಿಯುವುದರೊಳಗೆ ಚಪ್ಪಲಿ, ಚೀಲ, ಮಕ್ಕಳನ್ನೆಲ್ಲ ಹುಡುಕಿಕೊಳ್ಳುತ್ತಿದ್ದರು.

ಆಮೇಲೆ ಆ ಕೂಗಿನ ತುದಿಗೆ ಒಂದು ಸಣ್ಣ ಕೆಮ್ಮು ಸೇರಿಕೊಂಡಿತು. ಮಾವ ಅದಕ್ಕೆಂದು ದವಡೆಯಲ್ಲಿ ಸದಾ ಲವಂಗ ಇಟ್ಟುಕೊಳ್ಳತೊಡಗಿದ. ವೇದಿಕೆಯ ಮೇಲೆ ನಾನು ಆ ಕೆಮ್ಮನ್ನು ಯಾವತ್ತೂ ಮಾಡಲಿಲ್ಲ. ಯಾಕೋ ಮಾಡಬಾರದು ಅನ್ನಿಸುತ್ತಿತ್ತು.

ಕೆಮ್ಮು ಕ್ಯಾನ್ಸರ್ ಆಗಿತ್ತು. ಆಪರೇಶನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕತ್ತಿನಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ಮಾತು ಹೋಯಿತು.

ಆದರೆ ಕಂಡಕ್ಟರಿಕೆ ಹೋಗಲಿಲ್ಲ. ಬಸ್ಸಿನ ತಗಡಿಗೆ ನಾಣ್ಯದಿಂದ ಬಡಿಯುತ್ತಿದ್ದ ಅಭ್ಯಾಸ ಹಾಗೇ ಉಳಿಯಿತು. ಈಗ ಬಡಿಯುವುದು ಕಬ್ಬಿಣದ ಮಂಚಕ್ಕೆ. ಒಂದು ಹೊಡೆತ ಅಂದರೆ ನಿಲ್ಲಿಸು, ಎರಡು ಅಂದರೆ ಹೋಗಲಿ. ಗಂಜಿ ಸಾಕಾದರೆ ಒಂದು, ಇನ್ನಷ್ಟು ಬೇಕಾದರೆ ಎರಡು. ಅತ್ತೆ ಟಿ.ವಿ. ಚಾನೆಲ್ ಬದಲಿಸುವುದೂ ಅದೇ ಸಿಗ್ನಲ್ ಮೇಲೆ. ನಾನು ಸುಮ್ಮನೆ ಅತ್ತೆಯಿಂದ ಬೈಸಿಕೊಳ್ಳಲಿಕ್ಕೆಂದೇ ಅವನ ಮುಂದೆ ನಿಂತು ಅವನದೇ ದನಿಯಲ್ಲಿ “ಕೋಣಂದೂರು, ತೀರ್ಥಹಳ್ಳಿ, ಮುಂದೆ ಹೋಗ್ರಿ ಮುಂದೆ, ಒಳಗೆ ಜಾಗ ಐತೆ” ಅಂತ ಕೂಗುತ್ತಿದ್ದೆ. ಮಾವನ ಭುಜ ಕುಣಿಯುತ್ತಿತ್ತು. ಸದ್ದಿಲ್ಲದ ನಗು. ನಗು ನಿಂತ ಮೇಲೆ ನಾಣ್ಯ ಎರಡು ಸಲ ಬಡಿಯುತ್ತಿದ್ದ... ಇನ್ನೊಮ್ಮೆ.

ಅವನ ದನಿ ಈ ಭೂಮಿಯ ಮೇಲೆ ಉಳಿದಿದ್ದುದು ನನ್ನ ಗಂಟಲಲ್ಲಿ ಮಾತ್ರ. ಅದು ನಮ್ಮಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳಿಕೊಳ್ಳಲಿಲ್ಲ.

ಕಳೆದ ಮಳೆಗಾಲದಲ್ಲಿ ಮಸ್ಕತ್ತಿನಲ್ಲಿರುವ ನಮ್ಮ ಕಡೆಯವರಿಂದ ಕರೆ ಬಂತು. ಅಲ್ಲಿಯ ಕಾರ್ಯಕ್ರಮದಲ್ಲಿ ನನ್ನದು ಮುಕ್ಕಾಲು ಗಂಟೆ, ಟಿಕೆಟ್ಟೂ ಅವರದ್ದೇ. ಪಾಸ್‌ಪೋರ್ಟಿನ ಫೋಟೋದಲ್ಲಿ ನಾನು ಜೇಬುಗಳ್ಳನ ಹಾಗೆ ಕಾಣುತ್ತೇನೆ, ಆದರೂ ಅದನ್ನು ಊರಿಗೆಲ್ಲ ತೋರಿಸಿಕೊಂಡು ಬಂದೆ. ಅದೇ ವಾರ ಮಾವನ ರೋಗ ಮರಳಿತು. ಇನ್ನು ಮನೆಯಲ್ಲೇ ಇರಿಸಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದರು. ಎಷ್ಟು ದಿನ ಅಂತ ನಾವು ಕೇಳಲಿಲ್ಲ.

ಹೊರಡುವ ದಿನ ಮಳೆ ಹಿಡಿದದ್ದು ಬಿಡಲೇ ಇಲ್ಲ. ಆಗುಂಬೆ ಘಾಟಿ ಬಂದ್. ಕರಾವಳಿಗೆ ಇಳಿಯುವ ಬಸ್ಸುಗಳು ರದ್ದು. ಮಂಗಳೂರಿನಿಂದ ಬೆಳಗಿನ ವಿಮಾನ, ಅದೂ ತಡವಾಗಬಹುದು ಎಂದು ಮೆಸೇಜು. ಬರಲಿಕ್ಕೆ ಆಗುತ್ತದೋ ಇಲ್ಲವೋ ಸಂಜೆಯೊಳಗೆ ಹೇಳು, ಇಲ್ಲದಿದ್ದರೆ ಮಂಗಳೂರಿನ ಇನ್ನೊಬ್ಬನನ್ನು ಕರೆಸುತ್ತೇವೆ ಎಂದರು ಮಸ್ಕತ್ತಿನವರು. ಜೀಪಿನ ಸಲೀಮಣ್ಣ ಮಾತ್ರ ಹುಲಿಕಲ್ ಘಾಟಿ ಇನ್ನೂ ಇದೆ, ಏಳಕ್ಕೆ ಕುಂದಾಪುರಕ್ಕೆ ಹೊರಡುತ್ತೇನೆ ಅಂದ. ಮೊದಲು ಮಾವನ ಬಸ್ಸಿನಲ್ಲೇ ಕ್ಲೀನರ್ ಆಗಿದ್ದವನು ಅವನು.

ನಾನು ಮಂಚದ ಪಕ್ಕ ಕೂತೆ.

“ಮಾವ, ರಸ್ತೆ ಸರಿ ಇಲ್ಲ. ಆರು ದಿನ ಆಗ್ತದೆ ಬರಕ್ಕೆ. ಹೋಗ್ಲಾ?”

ಠಣ್ ಠಣ್.

“ಸರಿಯಾಗಿ ಯೋಚ್ನೆ ಮಾಡಿ ಹೇಳು.”

ಮತ್ತೆ ಎರಡು. ಈ ಸಲ ಜೋರಾಗಿ, ಹಿಂದಿನ ಸೀಟಿನವರಿಗೂ ಕೇಳಿಸುವ ಹಾಗೆ. ಅತ್ತೆ ಎದ್ದು ಒಳಗೆ ಹೋದಳು. ನಾನು ಬ್ಯಾಗ್ ಎತ್ತಿಕೊಂಡೆ.

ಜೀಪಿನಲ್ಲಿ ಐದು ಜನ. ಮಗಳ ಬಾಣಂತನಕ್ಕೆ ಘಾಟಿಯ ಕೆಳಗಿನ ಸಿದ್ದಾಪುರಕ್ಕೆ ಹೊರಟ ಒಬ್ಬ ಅಜ್ಜಿ, ಇಬ್ಬರು ಗಾರೆ ಕೆಲಸದವರು, ಸಲೀಮಣ್ಣ, ನಾನು. ನಗರ ಅನ್ನುವ ಊರು ದಾಟುವವರೆಗೆ ಎಲ್ಲರನ್ನೂ ನಗಿಸಿದೆ. ವಿಮಾನದೊಳಗೆ ಪರಿಚಾರಿಕೆ ಮಾತಾಡುವುದು, ಅದಕ್ಕೆ ನಮ್ಮೂರವನು “ಎಂತ?” ಅನ್ನುವುದು, ಎರಡೂ ನಾನೇ. ನಗಿಸದೆ ಕೂತರೆ ಆ ಕಬ್ಬಿಣದ ಸದ್ದು ಕಿವಿಗೆ ಬರುತ್ತಿತ್ತು.

ಮಾಸ್ತಿಕಟ್ಟೆ ದಾಟಿ ಘಾಟಿಯ ತಲೆ ಮುಟ್ಟುವಾಗ ಒಂಬತ್ತರ ಸುಮಾರು. ರಸ್ತೆಗೆ ಅಡ್ಡ ಮರ ಬಿದ್ದಿತ್ತು. ತಿರುವಿನಾಚೆ ಎಲ್ಲೋ ಗರಗಸದ ಯಂತ್ರ ಕೊರೆಯುವ ಸದ್ದು. ಸಲೀಮಣ್ಣ ಇಂಜಿನ್ ಬಂದ್ ಮಾಡಿದ, ಲೈಟೂ ಆರಿಸಿದ. ಕೈ ಚಾಚಿದರೆ ಕೈ ಕಾಣದ ಕತ್ತಲು. ಟಾರ್ಪಾಲಿನ ಮೇಲೆ ಮಳೆ. ಡೀಸೆಲ್, ಒದ್ದೆ ಗೋಣಿಚೀಲದ ವಾಸನೆ. ಅಜ್ಜಿ ಡಬ್ಬಿ ತೆಗೆದು ಎಲ್ಲರ ಕೈಗೂ ಚಕ್ಕುಲಿ ಇಟ್ಟಳು. ನಾನು ಬಾಯಿತುಂಬ ತುರುಕಿಕೊಂಡೆ.

ಇದನ್ನು ನೆನಪಿಡಿ. ನನ್ನ ಬಾಯಿತುಂಬ ಚಕ್ಕುಲಿ ಇತ್ತು.

ಮೊದಲು ಬಂದದ್ದು ವಾಸನೆ. ಲವಂಗ... ಯಾರೋ ಪಕ್ಕದಲ್ಲೇ ಕೂತು ಅಗಿಯುತ್ತಿರುವ ಹಾಗೆ, ಬೆಚ್ಚಗೆ.

ಆಮೇಲೆ ಜೀಪಿನ ತಗಡಿನ ಮೇಲೆ ಒಂದೇ ಒಂದು ಸದ್ದು. ಠಣ್.

ಆಮೇಲೆ, ನನ್ನ ಕಿವಿಯಿಂದ ಒಂದು ಗೇಣು ದೂರದಲ್ಲಿ...

“ಹೋಲ್ಡಾ...ನ್.”

ಕೊನೆಗೆ ಆ ಸಣ್ಣ ಕೆಮ್ಮು.

ಗಾರೆಯವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಅಜ್ಜಿ ಮಾತ್ರ ನಗಲಿಲ್ಲ. “ಸಾಕು ಮಾರಾಯ, ಅದೊಂದ್ ಬೇಡ. ಯಾರೋ ಪಕ್ಕಕ್ಕೆ ಬಂದು ಕೂತಂಗಾತು” ಅಂದಳು.

ಸಲೀಮಣ್ಣ ಕತ್ತಲಲ್ಲೇ ತಿರುಗಿದ. “ಮಂಜಪ್ಪಣ್ಣನ್ನ ಹಂಗೇ ತೆಗೀತಿ ನೋಡು. ಕೆಮ್ಮೂ ಬಿಡ್ಲಿಲ್ಲ.”

ನಾನು ಚಕ್ಕುಲಿ ನುಂಗಲಾರದೆ ನುಂಗಿದೆ. “ನಾನಲ್ಲ ಸಲೀಮಣ್ಣ.”

“ಮತ್ಯಾರು? ಆ ಬಿದ್ದ ಮರವಾ?”

ಎಲ್ಲರೂ ನಕ್ಕರು. ಸುಳ್ಳು ದನಿಯವನ ನಿಜ ಯಾರಿಗೆ ಬೇಕು? ನಿಜವಾಗಿ ಹೇಳುವುದಾದರೆ ನನಗೂ ನನ್ನ ಮೇಲೆ ನಂಬಿಕೆ ಇರಲಿಲ್ಲ. ಗಂಟಲು ಮುಟ್ಟಿ ನೋಡಿಕೊಂಡೆ. ಕೂಗಿ ಬಿಟ್ಟ ಮೇಲೆ ಆಗುವ ಹಾಗೆ ಒಳಗೆ ಉರಿಯುತ್ತಿತ್ತು.

ಮರ ಸರಿಸಿದರು. ಇಂಜಿನ್ ಶುರುವಾಯಿತು. ಆಗ ನಾನು ಬ್ಯಾಗ್ ಎತ್ತಿಕೊಂಡು ಇಳಿದೆ. ಒಂದು ಹೊಡೆತ ಅಂದರೆ ನಿಲ್ಲಿಸು. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಅರ್ಥವೇ ಇರಲಿಲ್ಲ.

“ಹುಚ್ಚು ಹಿಡೀತಾ? ವಿಮಾನ ಹತ್ತೋನು ಕಾಡಲ್ಲಿ ಇಳೀತಾನಾ?” ಅಂದ ಸಲೀಮಣ್ಣ. ಆಮೇಲೆ ನನ್ನ ಮುಖಕ್ಕೆ ಟಾರ್ಚ್ ಹಾಕಿ ನೋಡಿ, ಮತ್ತೇನೂ ಕೇಳದೆ, ಕೆಳಗಿನಿಂದ ಹತ್ತಿ ಬಂದ ಮೀನಿನ ಗಾಡಿಯವನಿಗೆ ಹೇಳಿ ನನ್ನನ್ನು ಹತ್ತಿಸಿದ. ಮಸ್ಕತ್ತಿಗೆ ಹೊರಟವನು ಬಂಗುಡೆ ಪೆಟ್ಟಿಗೆಗೆ ಒರಗಿಕೊಂಡು ಹೊಸನಗರಕ್ಕೆ ವಾಪಸಾದೆ. ದಾರಿಯುದ್ದಕ್ಕೂ ಒಂದೇ ಯೋಚನೆ... ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಮುಗಿದಿರಲಿಲ್ಲ. ಮಾವ ಕಣ್ಣು ಬಿಟ್ಟುಕೊಂಡೇ ಮಲಗಿದ್ದ. ಬಾಗಿಲಲ್ಲಿ ನನ್ನನ್ನು ಕಂಡದ್ದೇ ಅವನ ಮುಖ ಬಾಡಿತು. ನಾಣ್ಯ ತಡಕಿದ. ಠಣ್ ಠಣ್. ಬ್ಯಾಗಿನ ಕಡೆ ಕೈ ತೋರಿಸಿದ. ಠಣ್ ಠಣ್. ಠಣ್ ಠಣ್. ಹೋಗು, ಹೋಗು. ಕಣ್ಣಿನಿಂದ ನೀರು ಕಿವಿಯವರೆಗೆ ಇಳಿಯುತ್ತಿತ್ತು. ಕೈ ಸೋಲುವವರೆಗೆ ಬಡಿದ. ಕಡೆಗೆ ನಾಣ್ಯ ಕೈಜಾರಿ ನೆಲದ ಮೇಲೆ ಉರುಳಿತು.

ಅತ್ತೆ ನನ್ನನ್ನು ಅಡುಗೆಮನೆಗೆ ಕರೆದಳು. ಅವಳ ಮಾತು ಪಿಸುಮಾತಾಗಿತ್ತು.

“ಮೊದ್ಲು ಬಂದಾಗ ಯಾಕೆ ಒಳಗೆ ಬರ್ಲಿಲ್ಲ?”

“ಯಾವಾಗ?”

“ಒಂಬತ್ತಕ್ಕೆ. ಬಾಗ್ಲಲ್ಲಿ ನಿಂತು ಹೋಲ್ಡಾನ್ ಅಂದ್ಯಲ್ಲ. ಹೋಗ್ದೆ ವಾಪಸ್ ಬಂದು ತಮಾಷೆ ಮಾಡ್ತಿದೀಯ ಅಂತ ಬೈಕಂಡೇ ಬಾಗ್ಲು ತೆಗ್ದೆ. ಯಾರೂ ಇರ್ಲಿಲ್ಲ.” ಒಲೆ ಸಣ್ಣ ಮಾಡಿದಳು. “ಕೆಮ್ಮೂ ಕೇಳ್ತು. ಅದನ್ನ ಮಾಡ್ಬೇಡ ಕಣಾ.”

ಜೀಪು ಕ್ಷೇಮವಾಗಿ ಕುಂದಾಪುರ ಸೇರಿತು. ಘಾಟಿಯಲ್ಲಿ ಒಂದು ಕಲ್ಲೂ ಉರುಳಲಿಲ್ಲ. ವಿಮಾನ ತಡವಾಗಿಯಾದರೂ ಹಾರಿತು, ನಾನು ರಾತ್ರಿಯೇ ಫೋನ್ ಮಾಡಿ ತಿಳಿಸಿದ್ದರಿಂದ ಅದರಲ್ಲಿ ಮಂಗಳೂರಿನ ಆ ಇನ್ನೊಬ್ಬ ಹೋದ, ಚೆನ್ನಾಗೇ ನಗಿಸಿದನಂತೆ. ಅಂದರೆ ನನ್ನನ್ನು ಯಾವ ಅಪಾಯದಿಂದಲೂ ಯಾರೂ ತಪ್ಪಿಸಲಿಲ್ಲ.

ಮಾವ ಮತ್ತೆ ಮೂರು ದಿನ ಇದ್ದ. ಕೊನೆಯ ಸಂಜೆ ನಾಣ್ಯವನ್ನು ಅವನ ಕೈಗಿಟ್ಟು ಕೇಳಿದೆ, “ಅವತ್ತು ನನ್ನ ನಿಲ್ಲಿಸಿದ್ದು ನೀನಾ ಮಾವ?”

ಅವನು ಒಂದೂ ಬಡಿಯಲಿಲ್ಲ, ಎರಡೂ ಬಡಿಯಲಿಲ್ಲ. ಸುಮ್ಮನೆ ನಾಣ್ಯವನ್ನು ನನ್ನ ಅಂಗೈಗೆ ಒತ್ತಿ ಬೆರಳು ಮಡಚಿದ. ರಾತ್ರಿ ಹೋದ.

ತಿಂಗಳು ಕಳೆದ ಮೇಲೆ ಒಂದು ದಿನ ಅತ್ತೆ ಟಿ.ವಿ. ಆರಿಸಿ ಕೂತಳು. “ಒಂದ್ಸಲ ಅವರ ದನಿ ಮಾಡೋ. ಕೆಮ್ಮಿದ್ರೂ ಪರವಾಗಿಲ್ಲ” ಅಂದಳು.

ಕಣ್ಣು ಮುಚ್ಚಿ, ಕತ್ತು ಸ್ವಲ್ಪ ಓರೆ ಮಾಡಿ, ನೂರು ವೇದಿಕೆಯಲ್ಲಿ ಮಾಡಿದ ಹಾಗೇ ಬಾಯಿ ತೆರೆದೆ. ಬಂದದ್ದು ನನ್ನ ದನಿ. ಮತ್ತೊಮ್ಮೆ ಮಾಡಿದೆ. ನನ್ನದೇ, ತೆಳ್ಳಗೆ, ಯಾರದೋ ಮನೆಗೆ ಬಂದ ಅಪರಿಚಿತನ ಹಾಗೆ. ಅತ್ತೆ ಎದ್ದು ಗಂಜಿಗೆ ನೀರಿಟ್ಟಳು.

ಕೋಳಿ ಬರುತ್ತದೆ, ಕಪ್ಪೆ ಬರುತ್ತದೆ, ಮಿಕ್ಸಿ ಬರುತ್ತದೆ. ಆ ಒಂದು ದನಿ ಮಾತ್ರ ಘಾಟಿಯ ಆ ರಾತ್ರಿಯಿಂದ ನನ್ನ ಗಂಟಲಿಗೆ ಮರಳಿಲ್ಲ. ರಾತ್ರಿ ಸ್ಟ್ಯಾಂಡಿನಲ್ಲಿ ಕೊನೆಯ ಬಸ್ಸಿನ ತಗಡು ಠಣ್ ಅಂದಾಗೆಲ್ಲ ಜೇಬಿನ ನಾಣ್ಯ ಮುಟ್ಟಿಕೊಳ್ಳುತ್ತೇನೆ.

ಆ ರಾತ್ರಿ ಘಾಟಿಯ ತಲೆಯಲ್ಲಿ ಜೀಪಿನಿಂದ ಇಳಿದವನು ನಾನೊಬ್ಬನೇ ಅಂದುಕೊಂಡಿದ್ದೆ.