ಆಟದ ಮಿಸ್ಸಿನ ಟೈಲರ್ ಅಂಗಡಿ

ಹತ್ತೊಂಬತ್ತು ವರ್ಷದಿಂದ ಶಿಶುವಿಹಾರದಲ್ಲಿ ಕಲಿಸುತ್ತಿರುವ ಇವರಿಗೆ ಮಕ್ಕಳಿಟ್ಟ ಹೆಸರು ಆಟದ ಮಿಸ್. ಸಂಜೆ ಮನೆ ಸೇರಿದರೆ ಗಂಡ ಕೇಳುವ ಮೊದಲ ಮಾತೇ "ಇವತ್ತೇನಾಗಿದ್ದೆ?" ಒಂದು ದಿನ ಜ್ವರದ ರೋಗಿ, ಇನ್ನೊಂದು ದಿನ ಟಿಕೆಟ್ಟಿಲ್ಲದೆ ಬಸ್ಸಿನಲ್ಲಿ ಸಿಕ್ಕಿಬಿದ್ದವರು. ಬೆಳಗ್ಗೆಯೆಲ್ಲ ಎಮ್ಮೆಯಾಗಿ, ಮಂಡಿ ಹಿಡಿದುಕೊಂಡು ಬಂದದ್ದೂ ಉಂಟು. ಆಟದಲ್ಲಿ ತಾನು ಮಿಸ್ಸಲ್ಲ, ಮಕ್ಕಳು ಹೇಳಿದ್ದಾಗಬೇಕು ಎನ್ನುವುದು ಅವರ ಹಟ.

ಈ ವರ್ಷ ಅವರಿಗೆ ತಲೆನೋವಾದವಳು ಟೈಲರ್ ಮಗಳು, ಐದು ತುಂಬದ ಚೋಟುದ್ದದ ಹುಡುಗಿ. ಎರಡು ತಿಂಗಳಾದರೂ ಪೆನ್ಸಿಲ್ ಮುಟ್ಟಿರಲಿಲ್ಲ. ಬರಿ ಅಂದರೆ ಎರಡೂ ಕೈ ಬೆನ್ನ ಹಿಂದೆ. ಮಿಸ್ಸು ಮೂಲೆಯಲ್ಲೊಂದು ಟೈಲರ್ ಅಂಗಡಿ ತೆರೆದು, ಅಳತೆಗೆಂದು ಸ್ಕೇಲು ಕೊಟ್ಟರು.

"ಕೋಲಲ್ಲಿ ಯಾರಾದ್ರೂ ಅಳತೆ ತಗೋತಾರಾ ಮಿಸ್?" ಹುಡುಗಿ ಸೊಂಟದ ಮೇಲೆ ಕೈಯಿಟ್ಟಳು.

ಮಿಸ್ಸಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಮರುದಿನ ಟೇಪು ಬಂದು ಹುಡುಗಿಯ ಕುತ್ತಿಗೆಗೆ ಬಿತ್ತು. ಟೈಲರ್ ಅಂದಮೇಲೆ ಕಿವಿಯ ಮೇಲೆ ಪೆನ್ಸಿಲ್ ಇರಬೇಕಲ್ಲ, ಅದೂ ಏರಿತು. ಅಳತೆ ಪುಸ್ತಕ ತೆರೆದಾಗ ಕಿವಿಯಿಂದ ಕೈಗೆ ತಾನಾಗಿ ಇಳಿಯಿತು.

ಆ ವಾರವೇ ಅವಳ ಅಪ್ಪ ಮುಖ ಗಂಟಿಕ್ಕಿಕೊಂಡು ಬಾಗಿಲಲ್ಲಿ ನಿಂತ.

"ದಿನಾ ಟೈಲರ್ ಆಟ ಅಂತೆ. ಅದಕ್ಕೆ ನಮ್ಮ ಅಂಗಡಿ ಸಾಲದಾ ಮೇಡಂ? ನಾಲ್ಕಕ್ಷರ ಕಲೀಲಿ ಅಂತ ಕಳಿಸಿದ್ದು. ನಾಳೆಯಿಂದ ಬೇರೆ ಸ್ಕೂಲಿಗೆ ಹಾಕ್ತೀನಿ."

ಮಿಸ್ಸಿಗೆ ಒಂದೇ ಚಿಂತೆ: ಮಗು ಮತ್ತೆ ಕೈ ಬೆನ್ನ ಹಿಂದೆ ಕಟ್ಟಿಬಿಟ್ಟರೆ? ಆಟದ ಉಪಯೋಗದ ಬಗ್ಗೆ ಭಾಷಣ ಬಿಗಿಯಲು ಬಾಯಿ ತೆರೆದರು. ಅಷ್ಟರಲ್ಲಿ "ಗಿರಾಕಿ ಬಂದ್ರು!" ಎಂದು ಹುಡುಗಿ ಓಡಿಬಂದು, ಅಪ್ಪನನ್ನು ಎಳೆದು ಪುಟ್ಟ ಕುರ್ಚಿಯಲ್ಲಿ ಕೂರಿಸಿದಳು. ಟೇಪು ಅವನ ಎದೆ ಸುತ್ತಿತು.

"ಉಸಿರು ಬಿಗಿ ಹಿಡೀಬೇಡಿ ಸಾರ್. ಆಮೇಲೆ ಅಂಗಿ ಬಿಗಿಯಾಯ್ತು ಅಂತ ನಮಗೇ ಬೈತೀರಿ."

ಅಪ್ಪ ಉಸಿರು ಬಿಟ್ಟ. ಹುಡುಗಿ ನಾಲಗೆ ಕಚ್ಚಿಕೊಂಡು, ಟೇಪು ನೋಡಿ ನೋಡಿ ಬರೆದಳು: ಮೂವತ್ತೆಂಟು. ಮೂರು ಉಲ್ಟಾ ಇತ್ತು, ಅಳತೆ ಸರಿಯಾಗಿತ್ತು. ಅಪ್ಪ ಪುಸ್ತಕ ತೆಗೆದುಕೊಂಡು ಹಿಂದಿನ ಹಾಳೆಗಳನ್ನು ತಿರುವಿದ. ಮಿಸ್ಸಿನದು, ಆಯಾದು, ಹದಿನೇಳು ಮಕ್ಕಳದು, ಎಲ್ಲರ ಅಳತೆಯೂ ಅಲ್ಲಿತ್ತು.

"ಇದೆಲ್ಲ ಇವಳೇ ಬರೆದಿದ್ದಾ?"

"ಈ ಅಂಗಡೀಲಿ ನಾನು ಇಸ್ತ್ರಿ ಮಾಡೋಳು, ನಂಗೇನು ಗೊತ್ತು? ಟೈಲರನ್ನೇ ಕೇಳಿ" ಎಂದರು ಮಿಸ್ಸು.

ಅಪ್ಪ ಮಗಳ ಕಡೆ ತಿರುಗಿದ. "ಅಂಗಿ ಯಾವಾಗ ಸಿಗುತ್ತೆ?"

"ನಾಳೆ ಬನ್ನಿ ಸಾರ್."

ತಾನು ದಿನಕ್ಕೆ ಹತ್ತು ಸಲ ಹೇಳುವ ಮಾತು ತನಗೇ ಬಂದಾಗ ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಎದ್ದು, ಮಗಳಿಗೆ ಕೈಮುಗಿದ.

"ಆಯ್ತು ಟೈಲರ್ ಮೇಡಂ. ನಾಳೆ ಬರ್ತೀನಿ, ನಿಮ್ಮನ್ನೂ ನಾನೇ ಕರ್ಕೊಂಡ್ ಬರ್ತೀನಿ."